ಅಂಟಿಸಿದ ಹಾಳೆ

ಗೋಂದಜ್ಜಿಗೆ ಕಣ್ಣು ಹೋಗಿ ಆರು ವರ್ಷವಾಗಿತ್ತು, ಬೆರಳು ಹೋಗಿರಲಿಲ್ಲ. ನಲವತ್ತು ವರ್ಷ ಪುಸ್ತಕ ಹೊಲಿದು ರಟ್ಟು ಕಟ್ಟಿದ ಬೆರಳುಗಳು ಅವು. ಮೈಯೆಲ್ಲ ಗೋಂದಿನ ವಾಸನೆ ಹೊಡೆಯುತ್ತಿದ್ದ ಕಾಲದಲ್ಲಿ ಬೀದಿಯವರು ಇಟ್ಟ ಹೆಸರು, ಅವಳು ಕೆಲಸ ಬಿಟ್ಟರೂ ಅವಳನ್ನು ಬಿಡಲಿಲ್ಲ.

ಇಪ್ಪತ್ತನೆಯ ವಯಸ್ಸಿನಿಂದ ಅವಳದು ಒಂದೇ ನಿಯಮ: ಬೆಳಿಗ್ಗೆ ಎದ್ದರೆ ಬೈಬಲ್ಲಿನಿಂದ ದಿನಕ್ಕೊಂದು ಕೀರ್ತನೆ. ಒಂದರಿಂದ ನೂರೈವತ್ತರವರೆಗೆ, ಮುಗಿದರೆ ಮತ್ತೆ ಒಂದರಿಂದ. ಆರಿಸಿಕೊಳ್ಳುವ ಹಾಗಿಲ್ಲ. ಮದುವೆಯ ದಿನ ಶಾಪ ಹಾಕುವ ಕೀರ್ತನೆ ಬಂದಿತ್ತು, ಅದನ್ನೇ ಓದಿದ್ದಳು. ಹಲ್ಲುನೋವಿನ ದಿನ ಕುಣಿಯುವ ಕೀರ್ತನೆ ಬಂದರೆ ದವಡೆ ಹಿಡಿದುಕೊಂಡೇ ಓದುತ್ತಿದ್ದಳು. ಯಾರಾದರೂ ನಕ್ಕರೆ, ಪುಸ್ತಕ ಹೊಲಿಯುವಾಗ ಇಷ್ಟವಾದ ಹಾಳೆ ಮಾತ್ರ ಹೊಲಿಯುತ್ತೀರಾ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದಳು. ಕಣ್ಣು ಹೋದ ಮೇಲೆ ಓದಿ ಹೇಳುವ ಕೆಲಸ ಸೊಸೆಗೆ ಬಂತು. ಅವಳು ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿಗೆ ಹೊರಡುವ ಮುಂಚೆ, ಒಲೆಯ ಮೇಲೆ ಹಾಲಿಟ್ಟು ಓದಿ ಹೋಗುತ್ತಿದ್ದಳು.

ಹೋದ ವರ್ಷ ಅಜ್ಜಿಯ ಕಿರಿಮಗ ಸತ್ತ. ನೀರಿನ ಟ್ಯಾಂಕಿಗೆ ಬಣ್ಣ ಬಳಿಯುತ್ತಿದ್ದವನು, ಹಗ್ಗ ಹರಿದು ಬಿದ್ದ. ಅವನನ್ನು ತಂದದ್ದು ಸೊಸೆಯ ಆಸ್ಪತ್ರೆಗೇ. ಮೈದುನನ ಮುಖ ಒರೆಸಿ ಬಟ್ಟೆ ಹೊದಿಸಿದವಳು ಅವಳೇ. ಆಮೇಲೆ ಅವಳು ಒಂದು ಹನಿ ಕಣ್ಣೀರು ಹಾಕಿದ್ದನ್ನು ಯಾರೂ ನೋಡಲಿಲ್ಲ.

ಮಾತಾಡಿಸಲು ಬಂದವರು ದೇವರು ತನ್ನ ತೋಟಕ್ಕೆ ಹೂವು ಕಿತ್ತುಕೊಂಡ ಎಂದರು. ಹೂವಂತೆ! ಮೂವತ್ತೊಂದು ವರ್ಷದ ಆಳು, ಬಾಗಿಲಲ್ಲಿ ನಿಂತರೆ ಮನೆಗೆ ಬೆಳಕು ಬರುತ್ತಿರಲಿಲ್ಲ. ಅಜ್ಜಿಗೆ ಮೈಯೆಲ್ಲ ಉರಿಯಿತು. ಅಂದಿನಿಂದ ಅಳುವ ಕೀರ್ತನೆ ಬಂದಾಗಲೆಲ್ಲ, ಓದು ಮುಗಿದ ಕೂಡಲೇ ದೇವರನ್ನು ಎದುರಿಗೆ ನಿಲ್ಲಿಸಿಕೊಂಡು ಪಕ್ಕದ ಮನೆಗೂ ಕೇಳುವಂತೆ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಬಿಪಿ ಏರಿತು. ಗೊಣಗುವುದು ಅಪನಂಬಿಕೆ ಎಂದು ಪಾಸ್ಟರ್ ಹಿತ ಹೇಳಿ, ನೆಮ್ಮದಿಯ ಹತ್ತು ಕೀರ್ತನೆಗಳ ಪಟ್ಟಿ ಬರೆದುಕೊಟ್ಟರು. ಅಜ್ಜಿ ಆ ಚೀಟಿಯನ್ನು ಮಡಿಸಿ ಅಲುಗಾಡುವ ಮೇಜಿನ ಕಾಲಿನಡಿ ಇಟ್ಟಳು. ಮೇಜು ನೆಟ್ಟಗಾಯಿತು.

ಮಗ ಸತ್ತು ವರ್ಷ ತುಂಬುವ ದಿನಕ್ಕೆ ಸರಿಯಾಗಿ ಎಂಬತ್ತೆಂಟನೆಯ ಕೀರ್ತನೆ ಬರುತ್ತದೆಂದು ಅವಳು ಬೆರಳು ಮಡಿಸಿ ಎಣಿಸಿಟ್ಟಿದ್ದಳು. ಬೇರೆ ಅಳುವ ಕೀರ್ತನೆಗಳು ಎಷ್ಟೇ ಅತ್ತರೂ ಕೊನೆಗೆ ಮೂಗೊರೆಸಿಕೊಂಡು ಸ್ತೋತ್ರ ಹೇಳುತ್ತವೆ. ಇದು ಹಾಗಲ್ಲ. ಸತ್ತವರಿಗೆ ನಿನ್ನ ಅದ್ಭುತಗಳಿಂದ ಏನು ಸುಖ ಎಂದು ದೇವರನ್ನೇ ಕೇಳುತ್ತದೆ, ಉತ್ತರ ಸಿಗದೆ ಕತ್ತಲೆಯಲ್ಲೇ ಮುಗಿಯುತ್ತದೆ. ಇದು ನನ್ನದು, ಆ ದಿನ ಎಲ್ಲರೆದುರು ಓದಬೇಕು ಎಂದು ಅಜ್ಜಿ ಹದಿನೈದು ದಿನದಿಂದ ಸೊಸೆಯ ಬೆನ್ನು ಬಿದ್ದಿದ್ದಳು.

ಆ ದಿನ ಬೆಳಿಗ್ಗೆ ಪಾಸ್ಟರ್ ಬಂದರು, ಅಕ್ಕಪಕ್ಕದ ನಾಲ್ಕು ಜನರೂ ಬಂದು ಕೂತರು. ಸೊಸೆ ಪುಸ್ತಕ ತೆರೆದು ಎಂಬತ್ತೆಂಟು ಎಂದು ಹೇಳಿ ಓದತೊಡಗಿದಳು. ದೇವರ ಕೃಪೆಯನ್ನು ಯುಗಯುಗಕ್ಕೂ ಹಾಡುವ ಮಾತು ಬಂತು.

"ಅದು ನಾಳೆಯದು," ಎಂದಳು ಅಜ್ಜಿ. "ಪುಸ್ತಕ ಇಲ್ಲಿ ಕೊಡು."

ಅದು ಅವಳೇ ಹೊಲಿದು ಕಟ್ಟಿದ ಪುಸ್ತಕ. ಬೆರಳು ಹಾಳೆಯಿಂದ ಹಾಳೆಗೆ ಸರಿದು ಒಂದು ಕಡೆ ನಿಂತಿತು. ಎದುರುಬದುರಿನ ಎರಡು ಪುಟ ಒಂದಾಗಿ ದಪ್ಪವಾಗಿತ್ತು. ಅವಳು ಅಂಚನ್ನು ಮೂಸಿದಳು.

"ಮೈದಾ ಅಂಟು. ಅದೂ ಗಂಟುಗಂಟು. ನನ್ನನ್ನೇ ಕೇಳಿದ್ರೆ ನೀಟಾಗಿ ಅಂಟಿಸಿಕೊಡ್ತಿದ್ದೆನಲ್ಲ."

ಯಾರೋ ನಗು ತಡೆದುಕೊಂಡು ಕೆಮ್ಮಿದರು. ಬಿಪಿಗೆ ಹೆದರಿ ಹೀಗೆ ಮಾಡಿದೆ ಎಂದು ಸೊಸೆ ತಲೆ ತಗ್ಗಿಸಿದಳು. ಪಾಸ್ಟರ್ ಅವಳ ಪರ ವಹಿಸಿ, ಅಜ್ಜಿಗೆ ಹೇಗೂ ಬಾಯಿಪಾಠವಿದೆ, ಮನಸ್ಸಿನಲ್ಲೇ ಹೇಳಿಕೊಳ್ಳಲಿ ಎಂದರು.

"ನಾನು ಹೇಳಿದ್ರೆ ಮುದುಕಿ ಗೊಣಗಾಟ ಅಂತೀರಿ," ಎಂದಳು ಅಜ್ಜಿ. "ಪುಸ್ತಕದಿಂದ ಓದಿದ್ರೆ ಅದು ದೇವರದೇ ಮಾತು. ಅವನೇ ಇಟ್ಟುಕೊಂಡಿರೋ ದೂರು ಇದು ಪಾಸ್ಟರೇ. ಅಂಟಿಸೋಕೆ ನಾವ್ಯಾರು?"

ನೀರು ಕಾಯಿಸಲು ಹೇಳಿದಳು. ಕೆಟಲಿನ ಮೂತಿಯ ಆವಿಗೆ ಪುಟಗಳನ್ನು ಹಿಡಿದು, ಹಳೆಯ ಪೆಟ್ಟಿಗೆಯಿಂದ ಹಾಳೆ ಮಡಿಸುವ ಮೂಳೆಪಟ್ಟಿ ತರಿಸಿ, ಅಂಚಿನಿಂದ ಮೆಲ್ಲಗೆ ಬಿಡಿಸುತ್ತ ಹೋದಳು. ಕಾಲು ಗಂಟೆ ಹಿಡಿಯಿತು. ಪಾಸ್ಟರ್ ಎರಡು ಸಲ ಗಡಿಯಾರ ನೋಡಿದರು, ಅಜ್ಜಿಗೆ ಅದು ಕಾಣಲಿಲ್ಲ, ಕಂಡಿದ್ದರೂ ಅಷ್ಟೇ. ಪುಟ ಬಿಟ್ಟುಕೊಂಡಿತು. ಕೊನೆಯ ಸಾಲಿನ ತುದಿ ಮಾತ್ರ ಕಿತ್ತು ಹೋಗಿತ್ತು.

"ಓದು," ಎಂದು ಪುಸ್ತಕ ಚಾಚಿದಳು.

ಸೊಸೆ ಕೈ ಚಾಚಲಿಲ್ಲ. "ಬಿಪಿಗಲ್ಲ ಅತ್ತೆ. ಸುಳ್ಳು ಹೇಳಿದೆ. ಇದನ್ನು ಓದೋಕೆ ನನ್ನ ಕೈಲಿ ಆಗಲ್ಲ. ಅವನ ಮುಖ ಒರೆಸಿದ್ದು ಈ ಕೈ."

ಅಜ್ಜಿಯ ಸಿಟ್ಟು ಅಲ್ಲೇ ಇಳಿಯಿತು. ವರ್ಷವಿಡೀ ತಾನೊಬ್ಬಳೇ ದೇವರ ಜೊತೆ ಜಗಳಕ್ಕೆ ನಿಂತಿದ್ದೇನೆ ಅಂದುಕೊಂಡಿದ್ದಳು. ಪಕ್ಕದಲ್ಲೇ ಇನ್ನೊಬ್ಬಳು ತುಟಿ ಕಚ್ಚಿಕೊಂಡು ನಿಂತಿದ್ದು ಕುರುಡಿಗೆ ಗೊತ್ತಾಗಿರಲಿಲ್ಲ. ತಡಕಾಡಿ ಸೊಸೆಯ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು.

"ಆಗದಿದ್ರೂ ಓದು ಮಗಳೇ. ಬರೆದವನ ಕೈಲೂ ಆಗಿರಲಿಲ್ಲ."

ಸೊಸೆ ಓದಿದಳು. ಮೊದಲು ಪಿಸುಮಾತಿನಲ್ಲಿ, ಆಮೇಲೆ ಜೋರಾಗಿ. ನಡುವಿನಲ್ಲಿ ಬರುವ ಪ್ರಶ್ನೆಗಳನ್ನು ಒಂದೊಂದಾಗಿ, ಉತ್ತರ ಬರಲಿ ಎಂದು ಕಾಯುವವಳಂತೆ ನಿಂತು ನಿಂತು ಕೇಳಿದಳು. ಕೊನೆಯ ಸಾಲಿಗೆ ಬಂದು ಅಕ್ಷರ ಕಿತ್ತುಹೋದಲ್ಲಿ ನಿಂತಳು. ಇಷ್ಟು ಸಾಕು ಎಂದು ಪಾಸ್ಟರ್ ಪ್ರಾರ್ಥನೆಗೆ ಕೈ ಜೋಡಿಸಿದರು. ಸೊಸೆ ಅವರತ್ತ ಅಂಗೈ ತೋರಿಸಿ ತಡೆದಳು.

"ಕತ್ತಲೆ," ಎಂದಳು, ಪುಸ್ತಕ ನೋಡದೆ. ಆಮೇಲೆ ಅತ್ತಳು, ಪಕ್ಕದ ಮನೆಗೂ ಕೇಳುವಂತೆ.

ಪಾಸ್ಟರ್ ಒಂದು ಸಮಾಧಾನದ ಹಾಡಾದರೂ ಹಾಡೋಣವೇ ಎಂದು ಮೆಲ್ಲಗೆ ಕೇಳಿದರು.

"ಹಾಡೋದು ನಾಳೆ ಇದೆ," ಎಂದಳು ಗೋಂದಜ್ಜಿ, ಸೊಸೆಯ ಬೆನ್ನ ಮೇಲಿನ ಕೈ ತೆಗೆಯದೆ. "ಇವತ್ತಿಂದು ಇಷ್ಟೇ."