ಏಳೂವರೆ ಪೆಟ್ಟು

ಮೂರನೆಯ ಸಲವೂ ಕುಣಿತದ ಸಾಲು ಅದೇ ಜಾಗದಲ್ಲಿ ಮುರಿಯಿತು. ಮುಂದೆ ನಿಂತಿದ್ದ ವೆಲಿಕಾಳ ಹೆಜ್ಜೆ ಆಗಲೇ ನೆಲ ಮುಟ್ಟಿತ್ತು. ಪಿಯಾನೊ ಮಾತ್ರ ಇನ್ನೂ ತಡೆದು ನಿಂತಿತ್ತು. ಹಿಂದಿನವರು ಒಬ್ಬರ ಹಿಮ್ಮಡಿಯನ್ನು ಒಬ್ಬರು ತುಳಿದು ನಕ್ಕರು. ನುಡಿಸುತ್ತಿದ್ದ ಒಗ್ನೆನ್ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ.

"ಅಯ್ಯೋ ಮೇಷ್ಟ್ರೇ, ಎತ್ತಿದ ಕಾಲು ಇಳಿಸೋಕೆ ಬಿಡ್ಬೇಕಪ್ಪಾ! ನಾವೇನು ಕೊಕ್ಕರೆಗಳಾ?" ವೆಲಿಕಾ ಕೈಯಲ್ಲಿದ್ದ ಕರವಸ್ತ್ರದಿಂದ ಕತ್ತು ಒರೆಸಿಕೊಂಡಳು. ಇಲಿಯಾ ಸಂತನ ಹಬ್ಬದ ದಿನವೂ ಅವಳ ಬೆರಳುಗಳಿಂದ ಹೊಗೆಸೊಪ್ಪಿನ ಕಪ್ಪು ಹೋಗಿರಲಿಲ್ಲ.

ಶಾಲೆಯ ಕಿಟಕಿಯಿಂದ ವಿದ್ಯುತ್ತಿನ ತಂತಿ ಎಳೆದು ಅಂಗಳದಲ್ಲಿ ಪಿಯಾನೊ ಹೂಡಿದ್ದರು. ಈಗ ನುಡಿಸುತ್ತಿದ್ದ ಆ ಒಂದು ರಚನೆಯೇ ಒಗ್ನೆನ್‌ನನ್ನು ಪ್ರಿಲೆಪ್ ಪಟ್ಟಣದಿಂದ ಎತ್ತಿಕೊಂಡು ಹೋಗಿ ವಿಯೆನ್ನಾ, ಪ್ಯಾರಿಸ್, ಸ್ಟಾಕ್‌ಹೋಮ್‌ಗಳ ಜಾಝ್ ವೇದಿಕೆಗಳಲ್ಲಿ ಇಳಿಸಿತ್ತು. ಜೊತೆಗೆ ಸ್ಯಾಕ್ಸೊಫೋನ್ ಬಂತು, ಹೋಯಿತು; ಯಂತ್ರದ ಸದ್ದುಗಳು ಬಂದವು, ಅವೂ ಹೋದವು. ಏಳು ಪೆಟ್ಟಿನ ನಂತರದ ಆ ಅರೆ ಪೆಟ್ಟು ಮಾತ್ರ ಉಳಿಯಿತು. ಜನ ಕುರ್ಚಿಗಳಲ್ಲಿ ಕಣ್ಣುಮುಚ್ಚಿ ಕುಳಿತು ಅದಕ್ಕಾಗಿ ಕಾಯುತ್ತಿದ್ದರು. ಎಲ್ಲಿ ಹೋದರೂ ಅವನು ಹೇಳುತ್ತಿದ್ದ, ಇದು ನನ್ನ ತಾಯಿಯ ಊರಿನವರು ಕುಣಿಯುವ ರೀತಿ ಎಂದು. ಈಗ ಅರವತ್ತಾಗಿತ್ತು. ಬೆರಳ ಗಂಟುಗಳು ಬೆಳಿಗ್ಗೆ ಮಡಚುತ್ತಿರಲಿಲ್ಲ. ಹೋಟೆಲ್ ಕೋಣೆಗಳೂ ಅದೇ ಪ್ರಶ್ನೆಗಳೂ ಸಾಕಾಗಿದ್ದವು. ಅಕ್ಟೋಬರಿಗೆ ನಿಲ್ಲಿಸಿಬಿಡುವುದೆಂದು ತೀರ್ಮಾನಿಸಿದ್ದ. ಅದಕ್ಕೆ ಮೊದಲು ಒಂದೇ ಒಂದು ಸಲ, ಈ ಊರಿನ ಕಾಲುಗಳು ಅದಕ್ಕೆ ಕುಣಿಯುವುದನ್ನು ನೋಡಬೇಕಿತ್ತು.

"ಇದು ನಿಮ್ದೇ ಕಣೇ ವೆಲಿಕಾ," ಎಂದ. "ಏಳೂವರೆ ಪೆಟ್ಟು. ನಿನ್ನ ಮದುವೆ ದಿನ ನಾನೇ ಟೇಪ್ ಮಾಡಿದ್ದು. ಡೋಲು ನಮ್ಮ ಅಮ್ದಿದು."

"ನಮ್ದು ಏಳು. ಆ ಅರೆ ಯಾರ ಮನೇದೋ?"

ಡೋಲಿನ ಮುದುಕ ಅಮ್ದಿ ಹಿಪ್ಪುನೇರಳೆ ಮರದ ಕೆಳಗೆ ಕಲ್ಲಂಗಡಿ ತಿನ್ನುತ್ತಿದ್ದ. ಅವನನ್ನು ಕರೆದರು. ಒಗ್ನೆನ್ ಫೋನಿನಲ್ಲಿದ್ದ ಆ ಹಳೆಯ ಧ್ವನಿಮುದ್ರಣವನ್ನು ಹಾಕಿ ಅವನ ಕಿವಿಗೆ ಹಿಡಿದ. ಮೂವತ್ತೆಂಟು ವರ್ಷದ ಹಿಂದಿನ ಡೋಲು, ಅದರ ನಂತರ ಆ ತಡೆ, ಮತ್ತೆ ಡೋಲು. ಅಮ್ದಿ ತಲೆ ಬಗ್ಗಿಸಿ ಕೇಳಿದ. ಬಾಯಲ್ಲಿದ್ದ ಬೀಜಗಳನ್ನು ಒಂದೊಂದಾಗಿ ಅಂಗೈಗೆ ಉಗಿದ.

"ಇದು ಬೊಗೋಯಾನ ಕಾಲು ಕಣಪ್ಪಾ."

"ಯಾರ ಕಾಲು?"

"ಇವಳ ಅಪ್ಪಂದು. ಗಣೀಲಿ ಅಮೃತಶಿಲೆ ಬಿದ್ದು ಬಲಗಾಲು ಕುಂಟಾಗಿತ್ತಲ್ಲ. ಆದ್ರೂ ಮಗಳ ಮದುವೇಲಿ ಸಾಲಿಗೆ ನಾನೇ ಮುಂದೆ ಅಂತ ಹಟ ಹಿಡಿದ. ಮುಂದೆ ನಿಂತೋನ ಕಾಲು ನೋಡ್ಕೊಂಡೇ ತಾನೇ ನಾವು ಬಾರಿಸೋದು? ಅವನ ಕಾಲು ಬರೋದು ತಡ. ನಾನು ಬಡಿದುಬಿಟ್ಟಿದ್ರೆ ಬೀಗರ ಮುಂದೆ ಅವನ ಮಾನ ಹೋಗ್ತಿತ್ತು. ಅದಕ್ಕೇ ಕೋಲು ಮೇಲೇ ಹಿಡ್ಕೊಂಡಿದ್ದೆ, ಕಾಲು ಇಳೀಲಿ ಅಂತ." ಅಮ್ದಿ ಒಗ್ನೆನ್‌ನ ಮುಖ ನೋಡಿದ. "ನೀನು ಅಲ್ಲೇ ಇದ್ಯಲ್ಲ. ಕಾಣ್ಲಿಲ್ವಾ?"

ಕಂಡಿರಲಿಲ್ಲ. ಗದ್ದಲ ತಾಗದಿರಲೆಂದು ಒಗ್ನೆನ್ ಆ ದಿನ ಹೊಗೆಸೊಪ್ಪಿನ ಅಟ್ಟ ಹತ್ತಿ, ಮೈಕನ್ನು ಕಿಟಕಿಯಲ್ಲಿಟ್ಟು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಕುಳಿತಿದ್ದ. ಸಂಗೀತ ಶಾಲೆಯಲ್ಲಿ ಹಾಗೆಯೇ ಕಲಿಸಿದ್ದರು.

"ಅಂತೂ ಬೊಗೋಯಾ ಕುಂಟ್ಕೊಂಡೇ ಪ್ಯಾರಿಸ್ ನೋಡ್ಬಂದ ಅನ್ನು!" ಎಂದು ಯಾರೋ ಕೂಗಿದರು. ಅಂಗಳವೆಲ್ಲ ನಕ್ಕಿತು. ಒಗ್ನೆನ್ ಕೂಡ ನಕ್ಕ, ಎಲ್ಲರೂ ನಕ್ಕು ಮುಗಿಸಿದ ಮೇಲೆ. ಆ ಅರೆ ಪೆಟ್ಟು ಎಷ್ಟು ಪುರಾತನವೆಂದು ಪುಟಗಟ್ಟಲೆ ಬರೆದವರಿದ್ದರು. ಅದನ್ನು ಕಲಿಯಲು ಒಬ್ಬ ಸ್ವೀಡನ್ನಿನವನು ಎರಡು ಚಳಿಗಾಲ ಕಳೆದಿದ್ದ. ಅವರಿಗೆಲ್ಲ ಏನು ಹೇಳುವುದು ಎಂದು ಯೋಚಿಸಲು ಹೋದ. ಅಷ್ಟು ದೂರ ಯೋಚಿಸುವ ಶಕ್ತಿಯೇ ಇಲ್ಲವೆನಿಸಿ ಬಿಟ್ಟ.

ಅಮ್ದಿ ಡೋಲನ್ನು ಹೆಗಲಿಗೇರಿಸಿ ಏಳು ಪೆಟ್ಟು ಬಾರಿಸಿದ. ಸಾಲು ಒಮ್ಮೆಲೇ ಹರಿಯಿತು. ಮುದುಕರು, ಬಸುರಿಯರು, ಪುಟ್ಟ ಮಕ್ಕಳು, ಯಾರೂ ಎಡವಲಿಲ್ಲ. ಒಗ್ನೆನ್ ಎದ್ದು ಪಿಯಾನೊದ ವಿದ್ಯುತ್ತಿನ ತಂತಿಯನ್ನು ಮೊಣಕೈಗೆ ಸುತ್ತತೊಡಗಿದ.

ಕುಣಿತ ನಿಂತು ಜನ ಬೀರಿನ ಕಡೆಗೆ ಸರಿದಾಗ ವೆಲಿಕಾ ಒಂದು ಕುರ್ಚಿ ಎಳೆದುಕೊಂಡು ಬಂದು ಪಿಯಾನೊದ ಪಕ್ಕ ಕುಳಿತಳು. ಅಂಗಳವೆಲ್ಲ ನಕ್ಕಾಗ ಅವಳು ನಕ್ಕಿರಲಿಲ್ಲವೆಂಬುದು ಒಗ್ನೆನ್‌ಗೆ ಈಗ ಹೊಳೆಯಿತು.

"ಬಿಚ್ಬೇಡ. ಇನ್ನೊಂದ್ಸಲ ಬಾರ್ಸು."

"ಅದು ಕುಣಿಯೋಕೆ ಬರಲ್ಲ, ವೆಲಿಕಾ."

"ಕುಣೀತೀನಿ ಅಂದ್ನಾ?"

"ನಾನು ತಪ್ಪಾಗಿ ಕೇಳಿಸಿಕೊಂಡಿದ್ದು."

"ತಪ್ಪೋ ಸರಿಯೋ, ಆವತ್ತು ಸಾಲಲ್ಲಿ ನಾನು ಅಪ್ಪನ ಪಕ್ಕದಲ್ಲೇ ಇದ್ದೆ, ಅವನ ಕೈ ಹಿಡ್ಕೊಂಡು. ಬಾರ್ಸಪ್ಪಾ, ಬೀರು ಮುಗಿಯೋ ಮುಂಚೆ."

ಅವನು ಸುತ್ತಿದ್ದ ತಂತಿ ಬಿಡಿಸಿ ಮತ್ತೆ ಸಿಕ್ಕಿಸಿದ. ಇಷ್ಟು ಮೆಲ್ಲಗೆ ಅದನ್ನು ಯಾವ ಊರಿನಲ್ಲೂ ನುಡಿಸಿರಲಿಲ್ಲ. ಆಚೆಗಿದ್ದವರಿಗೆ ಕೇಳಿಸಿತೋ ಇಲ್ಲವೋ. ವೆಲಿಕಾ ಅಂಗಳದ ಖಾಲಿ ನೆಲವನ್ನು ನೋಡುತ್ತಿದ್ದಳು. ಒಂದು, ಎರಡು, ಏಳರವರೆಗೂ ಅವಳ ಕೈಗಳು ಮಡಿಲಲ್ಲಿ ಸುಮ್ಮನಿದ್ದವು. ಪಿಯಾನೊ ತಡೆದು ನಿಂತ ಜಾಗದಲ್ಲಿ ಅವಳ ಬಲಗೈ ಮಡಿಲಿನಿಂದ ಒಂದಿಷ್ಟು ಮೇಲೆದ್ದಿತು. ಭಾರವಾದದ್ದೇನನ್ನೋ ಕೆಳಗಿನಿಂದ ಆತುಕೊಂಡಂತೆ ಬಿಗಿಯಾಯಿತು. ಆಮೇಲೆ ನಿಧಾನವಾಗಿ ಇಳಿಯಿತು.