ಕೋಟ್‌ಖೇಡಾದ ಕೆರೆ ಫೈಲು

ನನ್ನ ಅಳಿಯನಾಗಬೇಕೆಂದಿರುವ ಮಹಾಶಯ ಭಾನುವಾರ ಬೆಳಿಗ್ಗೆ ಏಳಕ್ಕೆ ಗುಡ್ಡದ ಬುಡದಲ್ಲಿ ಕೆಂಪು ಛತ್ರಿ ಎತ್ತಿ ಹಿಡಿದು ನಿಂತಿದ್ದ. ಮಳೆ ಇಲ್ಲ, ಬಿಸಿಲಿಲ್ಲ. ಇದ್ದದ್ದು ನವೆಂಬರಿನ ಹೊಗೆ. ಹಿಂದೆ ಬರುವವರಿಗೆ ಗುರುತು ಸಿಗಲಿ ಎಂದು ಛತ್ರಿಯಂತೆ. ಇದ್ದವರು ಹದಿನೈದು ಜನ, ಒಬ್ಬರೂ ಕುರುಡರಲ್ಲ.

ಹೆಸರು ರಜತ್. ದಿಲ್ಲಿಯ ಜನಕಪುರಿಯಲ್ಲಿರುವ ಕನ್ನಡದವರ ಮಗ. ಗುರುಗ್ರಾಮದಲ್ಲಿದ್ದ ಒಳ್ಳೆಯ ಕೆಲಸ ಬಿಟ್ಟು, ಪಾಳುಬಿದ್ದ ಕೋಟೆಗಳಿಗೆ ಜನರನ್ನು ಕರೆದೊಯ್ದು ಕಥೆ ಹೇಳುತ್ತಾನೆ. ಇದಕ್ಕೆ ಹೆರಿಟೇಜ್ ವಾಕ್ ಎನ್ನಬೇಕಂತೆ. ನಮ್ಮ ಕಡೆ ಇದನ್ನು ಬೀದಿ ಅಲೆಯುವುದು ಎನ್ನುತ್ತಾರೆ.

"ಅಪ್ಪಾ, ಒಂದೇ ಒಂದು ವಾಕಿಗೆ ಬನ್ನಿ. ಅವನನ್ನ ನೋಡಿ. ಆಮೇಲೂ ಬೇಡ ಅಂದ್ರೆ ನಾನು ಮತ್ತೆ ಈ ಮಾತೇ ಎತ್ತಲ್ಲ, ಪ್ರಾಮಿಸ್," ಎಂದಿದ್ದಳು ಮಗಳು ಸ್ಫೂರ್ತಿ. ಹೆಂಡತಿ ಶಾರದಮ್ಮ ಮಂಡಿನೋವಿನ ನೆಪ ಹೇಳಿ ದಿಲ್ಲಿಯ ದ್ವಾರಕಾ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲೇ ಉಳಿದಳು; ಅವಳು ಆಗಲೇ ಹುಡುಗನ ಪಕ್ಷ. ನಾನು ಬೇಡ ಎಂದು ತೀರ್ಮಾನಿಸಿಯೇ ಕಾರು ಹತ್ತಿದ್ದೆ. ಮೂವತ್ತಾರು ವರ್ಷ ಕೇಂದ್ರ ಸರ್ಕಾರದ ಫೈಲು ನೋಡಿದವನು ಈ ಇಂದುಶೇಖರ, ನಿವೃತ್ತ ಅಂಡರ್ ಸೆಕ್ರೆಟರಿ. ಮೊದಲ ಪುಟ ನೋಡಿದರೆ ಸಾಕು, ಕೊನೆಯದು ತಾನಾಗಿ ಗೊತ್ತಾಗುತ್ತದೆ.

ಅದೂ ಅಲ್ಲದೆ, ಹೋಗುತ್ತಿರುವುದು ಹರಿಯಾಣದ ಸೋಹ್ನಾದ ಆಚೆಯ ಕೋಟ್‌ಖೇಡಾಕ್ಕೆ ಎಂದಾಗಲೇ ಒಳಗೊಳಗೇ ನಕ್ಕಿದ್ದೆ. ಆ ಕೋಟೆಯ ಕೆಳಗಿನ ಕೆರೆಯ ಫೈಲು ನನ್ನ ಮೇಜಿನ ಮೇಲಿಂದಲೇ ಹೋದದ್ದು. ಹುಡುಗನಿಗೆ ಮಂಗಳಾರತಿ ಎತ್ತಲು ಇಷ್ಟು ಸಾಕಾಗಿತ್ತು.

ಗುಡ್ಡ ಹತ್ತಿದೆವು. ಕೋಟೆಯಂತೆ ಕೋಟೆ! ನಾಲ್ಕು ಮುರುಕು ಗೋಡೆ, ಒಂದು ಕಮಾನು, ಕಮಾನಿನ ತುಂಬ ಯಾವ ಸೋನು ಯಾವ ಪಿಂಕಿಯನ್ನು ಪ್ರೀತಿಸುತ್ತಾನೆ ಎಂಬ ಶಿಲಾಶಾಸನ. ಮೂಲೆಯಲ್ಲಿ ಸ್ಟೌ ಇಟ್ಟುಕೊಂಡು ಕೂತ ಐವತ್ತು ದಾಟಿದ ಹೆಂಗಸೊಬ್ಬಳು ಚಹಾ ಮಾರುತ್ತಿದ್ದಳು. ಎಲ್ಲರೂ ಆ ಕಲಗಚ್ಚನ್ನು ಅಮೃತದಂತೆ ಕುಡಿದರು. ನಾನು ಬೇಡವೆಂದು ಕೈ ಅಲ್ಲಾಡಿಸಿದೆ.

ಗೋಡೆಯಾಚೆ ಕೆಳಗೆ ನೀರು ಕಂಡಿತು. ಪಾಚಿ ಬಣ್ಣ, ಆದರೂ ಹದಿನೈದು ಮೊಬೈಲುಗಳು ಒಟ್ಟಿಗೆ ಮೇಲೆದ್ದವು.

"ಈ ಕಿಟಕಿಯಲ್ಲಿ ನಿಂತು ರಾಣಿ ದೋಣಿಗಾಗಿ ಕಾಯ್ತಿದ್ದಳು ಅಂತ ಇಂಟರ್‌ನೆಟ್‌ನಲ್ಲಿ ಓದಿರ್ತೀರಿ," ಎಂದು ರಜತ್ ಇಂಗ್ಲಿಷಿನಲ್ಲಿ ಶುರು ಮಾಡಿದ.

ನಾನು ಮುಂದಿನ ಮಾತಿಗೆ ಬಿಡಲಿಲ್ಲ. "ಕಿವಿ ಮೇಲೆ ಹೂ ಇಡಬೇಡಪ್ಪ," ಎಂದು ಕನ್ನಡದಲ್ಲಿ ಗದರಿ, ಎಲ್ಲರಿಗೂ ಕೇಳುವಂತೆ ಇಂಗ್ಲಿಷಿಗೆ ತಿರುಗಿದೆ. ಈ ಕೆರೆಗೆ ನಲವತ್ತು ವರ್ಷವೂ ಆಗಿಲ್ಲ, ಎಂಬತ್ತೇಳರ ಬರಗಾಲದ ನಂತರ ಒಡ್ಡು ಹಾಕಿ ಮಾಡಿದ್ದು, ಟಿಪ್ಪಣಿ ಬರೆದವನು ನಾನೇ ಎಂದೆ.

ಹುಡುಗನ ಮುಖ ಹುಳ್ಳಗಾಗುತ್ತದೆ ಎಂದು ಕಾದರೆ, ಅದು ಅರಳಿತು! "ರಾಣಿ ಕಥೆ ಸುಳ್ಳು ಅಂತಲೇ ನಾನೂ ಹೇಳೋಕೆ ಹೊರಟಿದ್ದೆ, ಅಂಕಲ್. ಎರಡು ವರ್ಷದಿಂದ ಆ ಫೈಲ್ ನೋಡಿದವರನ್ನ ಹುಡುಕ್ತಿದ್ದೀನಿ. ಪ್ಲೀಸ್, ನೀವೇ ಹೇಳಿ."

ಹೇಳಿದೆ. ಉಬ್ಬಿಹೋಗಿ ಹೇಳಿದೆ. ಬೇರೆಯವರು ಆರು ತಿಂಗಳು ಕೊಳೆಸುವ ಫೈಲನ್ನು ಒಂದೇ ದಿನದಲ್ಲಿ ವಿಲೇವಾರಿ ಮಾಡಿದ್ದು, ಸೆಕ್ರೆಟರಿ ಕರೆದು ಬೆನ್ನು ತಟ್ಟಿದ್ದು, ಎಲ್ಲ.

"ಕೆಳಗೆ ಮನೆಗಳು ಎಷ್ಟಿದ್ದವು ಅಂಕಲ್?"

"ಒಂದೂ ಇಲ್ಲ. ನಕ್ಷೆಯಲ್ಲಿ ಖಾಲಿ ಇತ್ತು. 'ಜನವಸತಿ ಇಲ್ಲ' ಅಂತ ನಾನೇ ಬರೆದೆ."

ರಜತ್ ಚಹಾದವಳ ಕಡೆ ಕಣ್ಣು ಹಾಯಿಸಿ, ಮಾತು ಬದಲಿಸಲು ನೋಡಿದ. ಆದರೆ ಗುಂಪಿನಲ್ಲಿ ಕ್ಯಾಮೆರಾ ಹಿಡಿದಿದ್ದ ಅಧಿಕಪ್ರಸಂಗಿ ಹುಡುಗಿಯೊಬ್ಬಳು ಚಹಾದವಳ ಕಡೆ ತಿರುಗಿ, ಅಮ್ಮಾ, ಅಲ್ಲಿ ಮೊದಲು ಯಾರಾದರೂ ಇದ್ದರಾ ಎಂದು ಹಿಂದಿಯಲ್ಲಿ ಕೇಳಿಬಿಟ್ಟಳು. ಆ ಹೆಂಗಸು ಲೋಟ ತೊಳೆಯುತ್ತಲೇ ಗಲ್ಲ ಎತ್ತಿ ನೀರಿನ ನಡುವೆ ತೋರಿಸಿದಳು. ಎರಡು ಕಲ್ಲುಕಂಬಗಳ ತುದಿ ಕಾಣುತ್ತಿತ್ತು. ಒಂದರ ಮೇಲೆ ನೀರುಕಾಗೆ ಕೂತಿತ್ತು.

"ಅವು ನಮ್ಮ ಬಾವಿಯ ಕಂಬ," ಎಂದಳು. "ನಲವತ್ತೆರಡು ಮನೆ. ನಾನು ಮದುವೆಯಾಗಿ ಬಂದ ವರ್ಷವೇ ನೀರು ಬಂತು. ಪರಿಹಾರ ಕೇಳೋಕೆ ಹೋದ್ರೆ, ಇಲ್ಲಿ ಯಾರೂ ಇರಲೇ ಇಲ್ಲ ಅಂತ ದಿಲ್ಲಿಯ ಸಾಹೇಬರೊಬ್ಬರು ಬರೆದಿದ್ದಾರೆ ಅಂದ್ರು." ಇಂಗ್ಲಿಷ್ ತಿಳಿಯದ ಆಕೆ ನನ್ನನ್ನು, ನನ್ನ ಕೋಟನ್ನು ನೋಡಿದಳು. "ನೀವೂ ದಿಲ್ಲಿಯವರೇ ಅಲ್ವಾ? ಅಂಥದ್ದನ್ನ ಯಾರು ಬರೀತಾರೆ?"

"ಯಾವನೋ ಗುಮಾಸ್ತ ಇರಬೇಕು," ಎಂದೆ.

ಹದಿನೈದು ಜನ ನನ್ನ ಮುಖ ನೋಡಿದರು. ನನ್ನ ಬಂಡವಾಳ ಬಯಲು ಮಾಡಲು ರಜತ್‌ಗೆ ಒಂದೇ ವಾಕ್ಯ ಸಾಕಿತ್ತು. ನಾನಾಗಿದ್ದರೆ ಖಂಡಿತ ಆಡುತ್ತಿದ್ದೆ. ಆ ಪುಣ್ಯಾತ್ಮ ಛತ್ರಿ ಎತ್ತಿ, "ಚಲೋ, ಪಶ್ಚಿಮದ ಬಾಗಿಲು ನೋಡೋಣ," ಎಂದು ಎಲ್ಲರನ್ನೂ ಕರೆದುಕೊಂಡು ಹೊರಟುಹೋದ.

ಸ್ಫೂರ್ತಿ ಮಾತ್ರ ಉಳಿದಳು. 

"ಹುಡುಗ ಪರವಾಗಿಲ್ಲ ಕಣೇ," ಎಂದೆ. "ನನ್ನ ಒಪ್ಪಿಗೆ ಇದೆ. ನಡಿ, ಹೋಗೋಣ."

"ನಮ್ಮ ಬಾಯಿ ಮುಚ್ಚಿಸೋಕೆ ಒಪ್ಪಿಗೆ ಕೊಡ್ತಿದ್ದೀರಾ?" ಅವಳ ಕಣ್ಣಲ್ಲಿ ನೀರಿತ್ತು, ಆದರೆ ದನಿ ನನ್ನದೇ. ಕೆಳದರ್ಜೆಯ ನೌಕರರ ಮೇಲೆ ನಾನು ಬಳಸುತ್ತಿದ್ದ ಅದೇ ದನಿ. "ಅವನು ವಾರಾ ವಾರಾ ಆ ಅಮ್ಮನ ಮುಖ ನೋಡ್ಬೇಕು ಅಪ್ಪಾ. ಮಾವ ಯಾರು ಅಂತ ಮುಚ್ಚಿಟ್ಕೊಂಡು ನೋಡ್ಬೇಕಾ? ನಾನೇ ಬರೆದೆ ಅಂತ ಹೇಳಿ ಬನ್ನಿ. ಇಲ್ಲಾಂದ್ರೆ ನಿಮ್ಮ ಒಪ್ಪಿಗೆ ನಿಮ್ಮ ಹತ್ರಾನೇ ಇರ್ಲಿ, ನನಗೆ ಬೇಡ."

ಇಪ್ಪತ್ತು ಹೆಜ್ಜೆ ದೂರ. ಎಣಿಸಿಕೊಂಡೇ ನಡೆದೆ. ಸ್ಟೌ ಮುಂದೆ ನಿಂತು, ನನ್ನ ಹಾಳು ಹಿಂದಿಯಲ್ಲಿ, "ಗುಮಾಸ್ತ ಅಲ್ಲ. ಬರೆದದ್ದು ನಾನು," ಎಂದೆ.

ಆಕೆ ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎದುರುತ್ತರ ಕೊಡಬಹುದಿತ್ತು, ಅದು ನನಗೆ ಬರುತ್ತದೆ. ಆಕೆ ಇನ್ನೊಂದು ಲೋಟ ತೊಳೆದು, ಅದಕ್ಕೆ ಚಹಾ ಬಗ್ಗಿಸಿ ಕೈಗಿಟ್ಟಳು.

"ನೀರು ಬರೋ ಮೊದಲು ಒಂದ್ಸಲ ಬಂದಿದ್ರೆ, ಈ ಚಹಾ ನಮ್ಮನೇಲೇ ಕೊಡ್ತಿದ್ದೆ, ಸಾಹೇಬ್," ಎಂದಳು.

ಆ ಎರಡು ಕಂಬಗಳ ಕಡೆ ಮುಖ ಮಾಡಿ ಕೂತು ಕುಡಿದೆ. ಅದರಲ್ಲಾದರೂ ಏನಾದರೂ ತಪ್ಪು ಸಿಗುತ್ತದಾ ಎಂದು ಹುಡುಕಿದೆ. ಚಹಾ ಚೆನ್ನಾಗಿತ್ತು.