ನಕಾಶೆಯೊಳಗಿನ ಒಣ ಹಳ್ಳ

"ಏನ್ರೀ, ಬಾವಿ ಎಲ್ಲಿ ಅದ?" ಎಂದು ಶರ್ವರಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

ಮಧ್ವೇಶರು ಪುಸ್ತಕದ ಮೂವತ್ತೊಂದನೆಯ ಪುಟ ತೆರೆದರು. "ಘೋಣಸಗಿ ದಾಟಿದೊಡನೆ ದೊಡ್ಡ ಬಾವಿ ಸಿಗುತ್ತದೆ. ಅಲ್ಲಿಂದ ಎಡಕ್ಕೆ ಬಂಡಿದಾರಿ ಹಿಡಿಯಿರಿ" ಎಂದು ಅಚ್ಚಾಗಿತ್ತು. ಬಾವಿ ಇರಬೇಕಾದ ಕಡೆ ದ್ರಾಕ್ಷಿ ಬಳ್ಳಿಗಳ ಪಡ, ಅದರ ಸುತ್ತ ತಂತಿ ಬೇಲಿ.

"ನಕಾಶೆಯೊಳಗ ಇತ್ತು," ಎಂದರು ಮೆಲ್ಲಗೆ.

"ಎಷ್ಟ ವರ್ಷದ ನಕಾಶೆ?"

"ಐವತ್ತ ಆಗಿರಬೇಕು."

ಶರ್ವರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪುಸ್ತಕ ಬರೆದವರು ಬೇರೆ ಯಾರಾದರೂ ಆಗಿದ್ದರೆ ಮಧ್ವೇಶರೂ ನಗುತ್ತಿದ್ದರು. ಆದರೆ ಮುಖಪುಟದ ಮೇಲೆ ದಪ್ಪ ಅಕ್ಷರದಲ್ಲಿದ್ದ ಹೆಸರು ಅವರದೇ.

ವಿಜಯಪುರದ ಒಂದು ಕಾಲೇಜಿನಲ್ಲಿ ಅವರು ಭೂಗೋಳ ಹೇಳುತ್ತಿದ್ದರು. ನಕಾಶೆ ಎಂದರೆ ಊಟ ಬೇಡ, ನಿದ್ದೆ ಬೇಡ. ಎರಡು ಬೇಸಿಗೆ ರಜೆ ಫ್ಯಾನಿನ ಕೆಳಗೆ ಕುಳಿತು, ಭೂತಗನ್ನಡಿ ಹಿಡಿದು, ಒಂದು ದಿನದಲ್ಲಿ ಹೋಗಿ ಬರಬಹುದಾದ ಹನ್ನೆರಡು ನಡಿಗೆಗಳ ಕೈಪಿಡಿ ಬರೆದಿದ್ದರು. ಎಲ್ಲಿ ಬಸ್ ಇಳಿಯಬೇಕು, ಎಲ್ಲಿ ಬುತ್ತಿ ಬಿಚ್ಚಬೇಕು, ಎಲ್ಲವೂ ಅದರಲ್ಲಿತ್ತು. ಹನ್ನೆರಡರಲ್ಲಿ ಒಂದನ್ನೂ ಅವರು ನಡೆದಿರಲಿಲ್ಲ, ಅಷ್ಟೇ. ಕಾರಣ ನಾಯಿಯ ಅಂಜಿಕೆ. ಓಣಿಯ ತುದಿಯಿಂದ ಹಾಲು ತರಲಿಕ್ಕೂ ಶರ್ವರಿಯೇ ಹೋಗಬೇಕು. ಇನ್ನು ಹೊಲದ ನಾಯಿಗಳ ಮಾತು ದೂರವೇ ಉಳಿಯಿತು.

ಯಾರಿಗೂ ಗೊತ್ತಾಗದೆ ಎಲ್ಲ ಸುಸೂತ್ರವಾಗಿ ನಡೆದಿತ್ತು. ಗುರುವಾರ ಇಬ್ರಾಹಿಂಪುರದಿಂದ ಗೌತಮಿ ಎಂಬ ನರ್ಸ್ ಫೋನ್ ಮಾಡಿದಳು. "ಸರ್, ನಿಮ್ಮ ಪುಸ್ತಕ ಹಿಡಕೊಂಡು ಮೂರು ನಡಿಗಿ ಮುಗಿಸೇವ್ರಿ. ಐತವಾರ ನಾಕನೇದು. ದವಾಖಾನಿಯವರು ಎಂಟು ಮಂದಿ ಅದೀವಿ. ನೀವ ಮುಂದ ನಿಂತು ಕರಕೊಂಡು ಹೋಗಬೇಕ್ರಿ." ತಮ್ಮ ಪುಸ್ತಕವನ್ನು ಯಾರೋ ನಿಜವಾಗಿ ಓದಿದ್ದಾರೆ ಎಂಬ ಸಂತೋಷದಲ್ಲಿ ಮಧ್ವೇಶರು "ಆಗಲಿ" ಎಂದುಬಿಟ್ಟರು. ಫೋನ್ ಇಟ್ಟ ಮೇಲೆ ಅಂಜಿಕೆ ಹತ್ತಿತು. ಎಂಟು ಜನರ ಎದುರು ದಾರಿ ತಪ್ಪಿದರೆ ಮುಖ ಎಲ್ಲಿಡುವುದು? ಅದಕ್ಕೇ ಗುಟ್ಟಾಗಿ, ಒಂದು ದಿನ ಮೊದಲೇ, ಹೆಂಡತಿಯ ಜೊತೆ ಈ ಶನಿವಾರದ ಸವಾರಿ.

ಬೇಲಿ ಸುತ್ತಿ ಹೊರಳಿದರೆ ಎದುರಿಗೇ ಬಂಡಿದಾರಿ. ಎರಡು ಬದಿ ತೆನೆ ಹೊತ್ತ ಬಿಳಿಜೋಳ, ನಡುವೆ ಕರಿಮಣ್ಣಿನಲ್ಲಿ ಗಾಲಿಯ ಎರಡು ಗೆರೆ. ಮಧ್ವೇಶರು ನಿಂತೇಬಿಟ್ಟರು. ಇಷ್ಟು ವರ್ಷ ಭೂತಗನ್ನಡಿಯ ಕೆಳಗೆ ನೋಡಿದ ಜೋಡಿ ಚುಕ್ಕೆಗೆರೆ ಈಗ ಕಾಲ ಕೆಳಗಿತ್ತು.

"ಬಂತು! ಶರೂ, ಬಂತ ನೋಡು! ಮುಂದ ಬಲಕ್ಕ ಒಂದು ದಿಬ್ಬ ಬರ್ತದ!"

ದಿಬ್ಬವೂ ಬಂತು. ಐವತ್ತಾರರ ಮಧ್ವೇಶರು ಅದನ್ನು ಹೆಚ್ಚುಕಡಿಮೆ ಓಡಿಯೇ ಹತ್ತಿದರು. ಆಚೆ ಹಳದಿ ಹೂಬಿಟ್ಟ ಕುಸುಬಿ ಹೊಲ. ಅದು ಯಾವ ನಕಾಶೆಯಲ್ಲೂ ಇರಲಿಲ್ಲ. ಇಷ್ಟೊಂದು ಖುಷಿಯನ್ನು ನಾಯಿಗೆ ಅಂಜಿ ಬಿಟ್ಟೆನಲ್ಲ ಎಂದು ತಮ್ಮ ಮೇಲೆಯೇ ಸಿಟ್ಟು ಬಂತು.

ದಿಬ್ಬದ ಕೆಳಗೆ ಹನಮವ್ವ ಎಂಬ ಮುದುಕಿ ಆಡು ಮೇಯಿಸುತ್ತಿದ್ದಳು. ಅವಳ ನಾಯಿ ಎದ್ದು ಬಂದದ್ದೇ ಮಧ್ವೇಶರು ಶರ್ವರಿಯ ಬೆನ್ನ ಹಿಂದೆ ಸರಿದರು.

"ಅಂಜಬ್ಯಾಡ್ರಿ, ಅದಕ್ಕ ಹಲ್ಲ ಇಲ್ಲ. ಯಾರ ಮನಿಗಿ ಹೊಂಟೀರಿ ಯಪ್ಪಾ?"

"ಯಾರ ಮನಿಗೂ ಅಲ್ಲವ್ವ. ಸುಮ್ಮನ ನಡೀಲಿಕ್ಕೆ ಬಂದೇವಿ."

"ಸುಮ್ಮನ? ಗಾಡಿ ಕೆಟ್ಟೈತೇನು?" ಅವಳು ಇಬ್ಬರನ್ನೂ ಕನಿಕರದಿಂದ ನೋಡಿದಳು. "ಮುಂದ ಹಳ್ಳ ಹರ್ಯಾಕತ್ತೈತಿ ಮತ್ತ, ನೋಡಕೊಂಡು ಹೋಗ್ರಿ."

"ಈ ದಿನದಾಗ ಹಳ್ಳ ಒಣಗಿರ್ತದ. ಪುಸ್ತಕದಾಗ ಅದ," ಎಂದರು ಮಧ್ವೇಶರು.

"ಬರದಾಂವ ಇತ್ಲಾಗ ಬಂದಿಲ್ಲ ಬಿಡ್ರಿ. ಕಾಲವಿ ನೀರು ಬಂದ ಮ್ಯಾಲ ಬ್ಯಾಸಗಿಯೊಳಗೂ ಹರಿತೈತಿ."

ಶರ್ವರಿ ಸೆರಗು ಬಾಯಿಗೆ ಒತ್ತಿಕೊಂಡು ಮುಂದೆ ಹೋದಳು.

ಹಳ್ಳ ನಿಜವಾಗಿಯೂ ಹರಿಯುತ್ತಿತ್ತು. ದಂಡೆಯ ಕಲ್ಲಿನ ಮೇಲೆ ಒಬ್ಬ ತರುಣಿ ಕುಳಿತಿದ್ದಳು. ಅವಳ ತೊಡೆಯ ಮೇಲೆ ಅದೇ ಪುಸ್ತಕ. ಮಧ್ವೇಶರು ಹಿಂದಕ್ಕೆ ತಿರುಗುವಷ್ಟರಲ್ಲಿ ಅವಳು ಎದ್ದಳು.

"ಸರ್! ನಾ ಗೌತಮಿ. ಪುಸ್ತಕದಾಗ ನಿಮ್ಮ ಫೋಟೋ ನೋಡೇನ್ರಿ."

ಅವಳ ಕೈಯ ಪುಸ್ತಕದ ಅಂಚಿನ ತುಂಬ ಪೆನ್ಸಿಲ್ ಬರಹ. 'ಬಾವಿ ಇಲ್ಲ, ದ್ರಾಕ್ಷಿ ಪಡ.' ಮಧ್ವೇಶರು ಕೈಚಾಚಿ ತೆಗೆದುಕೊಂಡು ಹಿಂದಿನ ಪುಟಗಳನ್ನು ತಿರುವಿದರು. 'ಗುಡಿ ಎಡಕ್ಕಲ್ಲ, ಬಲಕ್ಕೆ.' 'ಇಲ್ಲಿ ಈಗ ಪೆಟ್ರೋಲ್ ಪಂಪ್.' ಅವರು ಪುಸ್ತಕ ಮುಚ್ಚಿದರು.

"ಯಾವಾಗ ಗೊತ್ತಾತು?"

"ಮೊದಲನೇ ನಡಿಗಿಗೇ ಗೊತ್ತಾತ್ರಿ. ಪ್ರತಿ ಸಲ ಹಿಂದಿನ ದಿನ ನಾ ಒಬ್ಬಾಕಿ ಬಂದು ನೋಡಿ ಹೋಗ್ತೇನಿ. ಪುಸ್ತಕದಾಗ ತಪ್ಪ ಅದಾವ ಅಂತ ಉಳದವರಿಗೆ ಹೇಳಿಲ್ರಿ."

"ಮತ್ತ ನನ್ನ ಯಾಕ ಕರದಿ, ತಂಗಿ?"

"ಡ್ಯೂಟಿ, ಮನಿ, ಡ್ಯೂಟಿ ಇಷ್ಟ ಇತ್ರಿ ನಮ್ಮದು. ಈ ಪುಸ್ತಕ ಸಿಗದಿದ್ರ ನಾವ್ಯಾರೂ ಹೊರಗ ಬೀಳ್ತಿರಲಿಲ್ಲ. ಬರದವರೂ ಒಮ್ಮಿ ನೋಡಲಿ ಅನಿಸ್ತ್ರಿ."

ಮಧ್ವೇಶರು ಪುಸ್ತಕವನ್ನು ಎರಡೂ ಕೈಯಿಂದ ಅವಳಿಗೆ ಮರಳಿಸಿದರು. ಅಷ್ಟರಲ್ಲಿ ಗೌತಮಿಯ ಫೋನ್ ರಿಂಗಾಯಿತು. ಅವಳ ಗೆಳತಿ ಪೂನಮ. "ದಾರಿ ಹೆಂಗೈತಿ ಬೇ?"

"ಸರ್ ಇಲ್ಲೇ ಅದಾರ!" ಎಂದು ಗೌತಮಿ ಸ್ಪೀಕರ್ ಹಾಕಿದಳು. ಆ ಕಡೆ ಆಸ್ಪತ್ರೆಯ ಚಹಾದ ಹೊತ್ತು ಇರಬೇಕು, ನಾಲ್ಕಾರು ದನಿ ಒಮ್ಮೆಗೇ ಕೂಗಿದವು.

"ಸರ್, ನೀವು ಬರದಂಗ ಹಳ್ಳ ಒಣಗೇತಿ ಅಲ್ರಿ? ನಾಳೆ ಹೊಸಾ ಬೂಟ ಹಾಕ್ಕೊಂಡು ಬರ್ತೇವಿ," ಎಂದಳು ಪೂನಮ.

ಈ ವರ್ಷವಷ್ಟೇ ನೀರು ಬಂದಿದೆ ಎಂದು ಹೇಳಿಬಿಡಿ ಎಂದು ಗೌತಮಿ ಫೋನಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದಳು. ಅಷ್ಟು ಹೇಳಿದ್ದರೆ ಮಾನ ಉಳಿಯುತ್ತಿತ್ತು. ಮಧ್ವೇಶರು ಹೆಂಡತಿಯ ಕಡೆ ನೋಡಿದರು. ಅವಳು ಈಗ ನಗುತ್ತಿರಲಿಲ್ಲ.

"ಈ ಹಳ್ಳ ನಾ ನೋಡೇ ಇರಲಿಲ್ಲವ್ವ," ಎಂದರು. "ಹನ್ನೆರಡೂ ನಡಿಗಿ ಫ್ಯಾನಿನ ಕೆಳಗ ಕೂತು ಬರದದ್ದು. ಇವತ್ತ ಮೊದಲ ಸಲ ನಡದೇನಿ."

ಗೌತಮಿ ಫೋನನ್ನು ಅವರ ಕೈಗೇ ಕೊಟ್ಟಳು.

"ಹಂಗಾರ ಈಗ ನೋಡಿ ಹೇಳ್ರಿ ಸರ್," ಎಂದಳು ಪೂನಮ. "ನೀರು ಎಷ್ಟ ಐತಿ?"

ಮಧ್ವೇಶರು ಬೂಟು ಕಳಚಿ ಪ್ಯಾಂಟು ಮಡಚಿದರು. ಫೋನ್ ಹಿಡಿದುಕೊಂಡು ನೀರಿಗೆ ಇಳಿದರು.

"ಪಾದ ಮುಳಗ್ಯಾವ," ಎಂದರು. "ಭಾಳ ತಣ್ಣಗ ಅದ." ಮತ್ತೆರಡು ಹೆಜ್ಜೆ. "ಈಗ ಮೊಣಕಾಲಿಗೆ ಬಂತು."

"ಮುಂದ, ಸರ್?"

"ತಡಿ, ಇನ್ನೂ ಹೊಂಟೇನಿ."